ರಾಜಕೀಯ ಹಿಂಸೆ ಮತ್ತು ಮರಣದಂಡನೆ: ದ್ವಾರಕಾ ಪರಿಸರದ ಪ್ರಕರಣಗಳು, ದೇಶದ ವಾಗ್ವಾದ

ರಾಜಕೀಯ ಕಾರಣಕ್ಕೆ ನಡೆದ ಕೊಲೆಗೆ ಗಲ್ಲೇ ತಕ್ಕ ಶಿಕ್ಷೆಯೇ ಎಂಬ ಪ್ರಶ್ನೆಗೆ ಸ್ವತಂತ್ರ ಭಾರತದಲ್ಲಿ ಒಮ್ಮತದ ಉತ್ತರ ಎಂದೂ ಸಿಕ್ಕಿಲ್ಲ. ಸಾಮಾನ್ಯ ಕೊಲೆಯ ವಿಚಾರದಲ್ಲಿ ಮರಣದಂಡನೆ ಬೇಡವೆನ್ನುವವರು ಭಯೋತ್ಪಾದನೆಯ ಮಾತು ಬಂದಾಗ ಹಿಂಜರಿಯುತ್ತಾರೆ. ಗಲ್ಲಿನ ಪರ ನಿಂತವರು ತಮ್ಮ ಸಮುದಾಯದ ಅಥವಾ ತಮ್ಮ ರಾಜ್ಯದ ಕೈದಿಯ ಸರದಿ ಬಂದಾಗ ಕ್ಷಮಾದಾನಕ್ಕೆ ಅರ್ಜಿ ಬರೆಯುತ್ತಾರೆ. ಹಾಗಾಗಿ ಈ ವಾಗ್ವಾದವನ್ನು ಪರ–ವಿರೋಧ ಎಂದು ಎರಡು ಪಂಗಡಗಳಾಗಿ ಒಡೆದರೆ ವಿಷಯ ಕೈಗೆ ಸಿಗುವುದಿಲ್ಲ. ಯಾವ ಹಿಂಸೆಯನ್ನು ರಾಜಕೀಯ ಹಿಂಸೆ ಎಂದು ಗುರುತಿಸಲಾಗುತ್ತದೆ, ಯಾವುದನ್ನು ಬರೀ ಗಲಭೆ ಎಂದು ಬಿಡಲಾಗುತ್ತದೆ ಎಂಬುದರ ಮೇಲೂ ಜಗಳ ನಿಂತಿದೆ.

ದೆಹಲಿಯ ನೈರುತ್ಯ ಅಂಚಿನ ದ್ವಾರಕಾ ಈ ಚರ್ಚೆಯ ಹಲವು ಎಳೆಗಳು ಸೇರುವ ಜಾಗ. ದೆಹಲಿ ಅಭಿವೃದ್ಧಿ ಪ್ರಾಧಿಕಾರ ಮೊದಲಿಗೆ ಪಪ್ಪನ್‌ಕಲಾಂ ಯೋಜನೆ ಎಂಬ ಹೆಸರಿನಲ್ಲಿ ರೂಪಿಸಿದ ಈ ಉಪನಗರದ ಮಗ್ಗುಲಲ್ಲೇ 1984ರ ನವೆಂಬರ್‌ನಲ್ಲಿ ಸಿಖ್ಖರ ಹತ್ಯೆ ನಡೆದ ಪಾಲಂ ಕಾಲೊನಿ ಮತ್ತು ರಾಜನಗರ ಇವೆ. ಸೆಕ್ಟರ್ 10ರಲ್ಲಿ ಜಿಲ್ಲಾ ನ್ಯಾಯಾಲಯ ಸಂಕೀರ್ಣವಿದೆ. ಸೆಕ್ಟರ್ 14ರಲ್ಲಿ 2008ರಲ್ಲಿ ಆರಂಭವಾದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯವಿದೆ. ಭಾರತದ ಗಲ್ಲು ಕೈದಿಗಳನ್ನು ಕುರಿತ ಅತ್ಯಂತ ವಿಸ್ತಾರವಾದ ಅಧ್ಯಯನ ಹೊರಬಂದದ್ದು ಅಲ್ಲಿಂದ. ದೆಹಲಿಯ ಗಲ್ಲುಗಂಬವಿರುವ ತಿಹಾರ್ ಜೈಲು ಇಲ್ಲಿಂದ ಕೆಲವೇ ಕಿಲೋಮೀಟರ್.

ಹಿನ್ನೆಲೆ

ವಸಾಹತು ಕಾಲದಲ್ಲಿ ಗಲ್ಲು ರಾಜಕೀಯ ಶಿಕ್ಷೆಯೂ ಆಗಿತ್ತು. 1929ರ ಏಪ್ರಿಲ್ 8ರಂದು ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ ಬಾಂಬ್ ಎಸೆದು ಬಂಧಿತರಾದ ಭಗತ್ ಸಿಂಗ್, ಲಾಹೋರ್ ಪಿತೂರಿ ಮೊಕದ್ದಮೆಯಲ್ಲಿ ಶಿಕ್ಷೆಗೊಳಗಾಗಿ 1931ರ ಮಾರ್ಚ್ 23ರಂದು ಗಲ್ಲಿಗೇರಿದರು. ತಮ್ಮನ್ನು ಯುದ್ಧಕೈದಿಗಳಂತೆ ಕಂಡು ನೇಣಿನ ಬದಲು ಗುಂಡಿಟ್ಟು ಕೊಲ್ಲಬೇಕೆಂದು ಅವರು ಸರ್ಕಾರಕ್ಕೆ ಬರೆದಿದ್ದರು.

ಕನ್ನಡ ನಾಡಿನ ನೆನಪಿನಲ್ಲಿ 1943ರ ಮಾರ್ಚ್ ತಿಂಗಳಿಗೆ ಬೇರೆಯೇ ತೂಕವಿದೆ. ಶಿವಮೊಗ್ಗ ಜಿಲ್ಲೆಯ ಈಸೂರಿನವರು 1942ರ ಚಳವಳಿಯಲ್ಲಿ ತಮ್ಮ ಊರನ್ನು ಸ್ವತಂತ್ರವೆಂದು ಸಾರಿದರು. ಊರಿಗೆ ಬಂದ ಅಮಲ್ದಾರ್ ಮತ್ತು ಸಬ್‌ಇನ್‌ಸ್ಪೆಕ್ಟರ್ ಗಲಾಟೆಯಲ್ಲಿ ಸತ್ತರು. ಆ ಪ್ರಕರಣದಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ ಮತ್ತು ಶಂಕರಪ್ಪ ಎಂಬ ಐವರನ್ನು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿಸಲಾಯಿತು. ಅದೇ ತಿಂಗಳ 29ರಂದು ಕಣ್ಣೂರು ಜೈಲಿನಲ್ಲಿ ಕಯ್ಯೂರಿನ ನಾಲ್ವರು ರೈತ ಹೋರಾಟಗಾರರನ್ನು ನೇಣಿಗೆ ಹಾಕಲಾಯಿತು. ಇಂದು ಕಾಸರಗೋಡು ಜಿಲ್ಲೆಗೆ ಸೇರಿದ ಕಯ್ಯೂರು ಆಗ ದಕ್ಷಿಣ ಕನ್ನಡದಲ್ಲಿತ್ತು. 1941ರಲ್ಲಿ ರೈತರ ಮೆರವಣಿಗೆಗೆ ಸಿಕ್ಕ ಪೊಲೀಸನೊಬ್ಬ ಹೊಳೆಗೆ ಬಿದ್ದು ಸತ್ತದ್ದು ಮೊಕದ್ದಮೆಯ ಮೂಲ. ಅಪ್ರಾಪ್ತ ವಯಸ್ಸಿನವನೆಂಬ ಕಾರಣಕ್ಕೆ ಐದನೆಯವನು ಉಳಿದುಕೊಂಡ. ನಿರಂಜನರ ‘ಚಿರಸ್ಮರಣೆ’ ಕಾದಂಬರಿಗೆ ಇದೇ ವಸ್ತು. ಎರಡೂ ಕಡೆ ಸತ್ತ ಸರ್ಕಾರಿ ನೌಕರರೂ ಭಾರತೀಯರೇ. ಅವರ ಹೆಸರುಗಳು ಹೆಚ್ಚಿನವರ ನೆನಪಿನಲ್ಲಿಲ್ಲ. ನೇಣಿಗೇರಿದವರ ಹೆಸರಿನಲ್ಲಿ ಸ್ಮಾರಕಗಳಿವೆ. ತೀರ್ಪು ಬರೆದ ಆಡಳಿತವೇ ಹೋದಮೇಲೆ ಅಪರಾಧಿ ಹುತಾತ್ಮನಾಗುತ್ತಾನೆ ಎಂಬುದು ಮುಂದಿನ ಪ್ರತಿಯೊಂದು ರಾಜಕೀಯ ಗಲ್ಲಿನ ಸಂದರ್ಭದಲ್ಲೂ ಯಾರಾದರೊಬ್ಬರು ಎತ್ತುವ ವಾದ. ಆದರೆ ಮತದಾನದ ಹಕ್ಕಿಲ್ಲದ ಪ್ರಜೆಯ ದಂಗೆಗೂ ಪ್ರಜಾಪ್ರಭುತ್ವದೊಳಗಿನ ಬಾಂಬಿಗೂ ವ್ಯತ್ಯಾಸವಿದೆ ಎಂಬ ಮರುವಾದವೂ ಅಷ್ಟೇ ಗಟ್ಟಿ.

ಸ್ವಾತಂತ್ರ್ಯದ ನಂತರ ಈ ಪ್ರಶ್ನೆ ಮೊದಲು ಎದ್ದದ್ದು ಗಾಂಧಿ ಹತ್ಯೆಯ ಮೊಕದ್ದಮೆಯಲ್ಲಿ. ಕೆಂಪುಕೋಟೆಯಲ್ಲಿ ವಿಚಾರಣೆ ನಡೆದು ನಾಥೂರಾಮ್ ಗೋಡ್ಸೆ ಮತ್ತು ನಾರಾಯಣ ಆಪ್ಟೆ ಅವರನ್ನು 1949ರ ನವೆಂಬರ್ 15ರಂದು ಅಂಬಾಲಾದಲ್ಲಿ ಗಲ್ಲಿಗೇರಿಸಲಾಯಿತು. ಶಿಕ್ಷೆ ತಗ್ಗಿಸಬೇಕೆಂದು ಕೇಳಿದವರಲ್ಲಿ ಗಾಂಧಿಯ ಮಕ್ಕಳಾದ ಮಣಿಲಾಲ್ ಮತ್ತು ರಾಮದಾಸ್ ಇದ್ದರು. ಸರ್ಕಾರ ಒಪ್ಪಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಬಿ.ಆರ್. ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ, ಮರಣದಂಡನೆಗೆ ಮೇಲ್ಮನವಿಯ ಏರ್ಪಾಡು ಮಾಡುವುದಕ್ಕಿಂತ ಅದನ್ನು ರದ್ದುಮಾಡುವುದೇ ಮೇಲೆಂಬ ಅಭಿಪ್ರಾಯ ಕೊಟ್ಟಿದ್ದರು. ಅದು ಅಭಿಪ್ರಾಯವಾಗಿಯೇ ಉಳಿಯಿತು.

ಎಡಪಂಥೀಯ ಉಗ್ರವಾದದ ಸಂದರ್ಭದಲ್ಲಿ ಹೆಚ್ಚು ಚರ್ಚೆಯಾದದ್ದು ಭೂಮಯ್ಯ ಮತ್ತು ಕಿಷ್ಟಾಗೌಡ್ ಪ್ರಕರಣ. ಆದಿಲಾಬಾದಿನ ಈ ಇಬ್ಬರು ನಕ್ಸಲೀಯ ರೈತರ ಪರವಾಗಿ ದೇಶದ ಹಲವೆಡೆಯಿಂದ ಮನವಿಗಳು ಹೋದವು. ತುರ್ತು ಪರಿಸ್ಥಿತಿಯ ನಡುವೆ, 1975ರ ಡಿಸೆಂಬರ್ 1ರಂದು, ಹೈದರಾಬಾದಿನ ಮುಷೀರಾಬಾದ್ ಜೈಲಿನಲ್ಲಿ ಇಬ್ಬರನ್ನೂ ನೇಣಿಗೆ ಹಾಕಲಾಯಿತು.

ಕಾನೂನಿನ ಚೌಕಟ್ಟು

1973ರ ದಂಡ ಪ್ರಕ್ರಿಯಾ ಸಂಹಿತೆ ಕೊಲೆಗೆ ಜೀವಾವಧಿಯನ್ನು ಸಾಮಾನ್ಯ ಶಿಕ್ಷೆಯಾಗಿಸಿ, ಗಲ್ಲು ವಿಧಿಸುವ ನ್ಯಾಯಾಧೀಶರು ವಿಶೇಷ ಕಾರಣಗಳನ್ನು ಬರೆಯಬೇಕೆಂದಿತು. ಬಚನ್ ಸಿಂಗ್ ಪ್ರಕರಣದಲ್ಲಿ (1980) ಸುಪ್ರೀಂ ಕೋರ್ಟಿನ ಐವರ ಪೀಠ ಮರಣದಂಡನೆ ಸಂವಿಧಾನಬದ್ಧವೆಂದು ಎತ್ತಿಹಿಡಿದು, ಅಪರೂಪದಲ್ಲಿ ಅಪರೂಪದ ಪ್ರಕರಣಗಳಿಗೆ ಮಾತ್ರ ಎಂಬ ಮಿತಿ ಹಾಕಿತು. ನ್ಯಾಯಮೂರ್ತಿ ಪಿ.ಎನ್. ಭಗವತಿ ಒಬ್ಬರು ಒಪ್ಪಲಿಲ್ಲ. ಮಚ್ಛಿ ಸಿಂಗ್ ಪ್ರಕರಣದಲ್ಲಿ (1983) ಸಮಾಜದ ಸಾಮೂಹಿಕ ಆತ್ಮಸಾಕ್ಷಿಗೆ ಬಿದ್ದ ಪೆಟ್ಟು ಒಂದು ಅಳತೆಗೋಲಾಗಿ ಸೇರಿಕೊಂಡಿತು. ಬಚನ್ ಸಿಂಗ್ ತೀರ್ಪು ಅಪರಾಧಿಯ ಬದುಕು, ವಯಸ್ಸು, ತಿದ್ದಿಕೊಳ್ಳುವ ಸಾಧ್ಯತೆಗಳನ್ನು ತೂಗಬೇಕೆಂದಿದ್ದರೆ, ಸಾಮೂಹಿಕ ಆತ್ಮಸಾಕ್ಷಿಯ ಮಾತು ಬೀದಿಯ ಸಿಟ್ಟಿಗೆ ತೀರ್ಪಿನೊಳಗೆ ಜಾಗ ಮಾಡಿಕೊಟ್ಟಿತು ಎಂಬುದು ಟೀಕಾಕಾರರ ದೂರು.

ಉಗ್ರವಾದಕ್ಕೆ ಪ್ರತ್ಯೇಕ ಕಾನೂನುಗಳು ಬಂದವು: 1985ರಿಂದ 1995ರವರೆಗೆ ಟಾಡಾ, 2002ರಿಂದ 2004ರವರೆಗೆ ಪೋಟಾ, ಆಮೇಲೆ ತಿದ್ದುಪಡಿಯಾದ ಯುಎಪಿಎ. ಟಾಡಾ ಮತ್ತು ಪೋಟಾ ಅಡಿಯಲ್ಲಿ ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗುತ್ತಿತ್ತು. ಸಾಮಾನ್ಯ ಕಳ್ಳತನದ ಕೇಸಿನಲ್ಲೂ ನಡೆಯದ ಸಾಕ್ಷ್ಯ ಗಲ್ಲಿನ ಕೇಸಿನಲ್ಲಿ ನಡೆಯುತ್ತದೆ ಎಂಬ ಈ ವೈಚಿತ್ರ್ಯ, ಮುಂದಿನ ಎಷ್ಟೋ ವಿವಾದಗಳ ಬೇರು.

ರಾಜನಗರ, 1984

1984ರ ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿಯವರನ್ನು ಅವರ ಅಂಗರಕ್ಷಕರಾದ ಬೇಅಂತ್ ಸಿಂಗ್ ಮತ್ತು ಸತ್ವಂತ್ ಸಿಂಗ್ ಗುಂಡಿಟ್ಟು ಕೊಂದರು. ನವೆಂಬರ್ 1ರಿಂದ 4ರವರೆಗೆ ದೆಹಲಿಯಲ್ಲಿ 2,733 ಸಿಖ್ಖರ ಕೊಲೆಯಾಯಿತು. ಹತ್ಯೆ ಮತ್ತು ಹತ್ಯಾಕಾಂಡ ಎರಡೂ ರಾಜಕೀಯ ಹಿಂಸೆಯೇ. ಆದರೆ ನ್ಯಾಯವ್ಯವಸ್ಥೆಯಲ್ಲಿ ಎರಡರ ಗತಿ ಒಂದೇ ಆಗಲಿಲ್ಲ.

ಹತ್ಯೆಯ ಮೊಕದ್ದಮೆ ತಿಹಾರ್ ಜೈಲಿನೊಳಗೇ ನಡೆಯಿತು. ಬೇಅಂತ್ ಸಿಂಗ್ ಸ್ಥಳದಲ್ಲೇ ಸತ್ತಿದ್ದ. ಸತ್ವಂತ್ ಸಿಂಗ್, ಬೇಅಂತನ ಸಂಬಂಧಿಯಾದ ಸರ್ಕಾರಿ ನೌಕರ ಕೇಹರ್ ಸಿಂಗ್ ಮತ್ತು ಸಬ್‌ಇನ್‌ಸ್ಪೆಕ್ಟರ್ ಬಲಬೀರ್ ಸಿಂಗ್ ಮೂವರಿಗೂ ಕೆಳ ನ್ಯಾಯಾಲಯ ಗಲ್ಲು ವಿಧಿಸಿತು, ಹೈಕೋರ್ಟ್ ಖಾಯಂ ಮಾಡಿತು. 1988ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಲಬೀರ್ ಸಿಂಗ್‌ನನ್ನು ಪೂರ್ಣ ದೋಷಮುಕ್ತಗೊಳಿಸಿತು. ಎರಡು ನ್ಯಾಯಾಲಯಗಳು ನೇಣಿಗೆ ಅರ್ಹನೆಂದ ಮನುಷ್ಯ ಮನೆಗೆ ಹೋದ. ಕೇಹರ್ ಸಿಂಗ್ ವಿರುದ್ಧ ಇದ್ದದ್ದು ಸಾಂದರ್ಭಿಕ ಸಾಕ್ಷ್ಯ ಮಾತ್ರ ಎಂದು ವಕೀಲರೂ ನಿವೃತ್ತ ನ್ಯಾಯಮೂರ್ತಿಗಳೂ ದನಿ ಎತ್ತಿದರು. ಕ್ಷಮಾದಾನದ ಅರ್ಜಿ ನೋಡುವಾಗ ರಾಷ್ಟ್ರಪತಿ ಸಾಕ್ಷ್ಯವನ್ನೂ ಸ್ವತಂತ್ರವಾಗಿ ಪರಿಶೀಲಿಸಬಹುದೆಂದು ಸಂವಿಧಾನ ಪೀಠ ಹೇಳಿದ್ದು ಇದೇ ಪ್ರಕರಣದಲ್ಲಿ. ಅದರಿಂದ ಕೇಹರ್ ಸಿಂಗ್‌ಗೆ ಉಪಯೋಗವಾಗಲಿಲ್ಲ. 1989ರ ಜನವರಿ 6ರಂದು ಸತ್ವಂತ್ ಸಿಂಗ್ ಮತ್ತು ಕೇಹರ್ ಸಿಂಗ್ ಇಬ್ಬರನ್ನೂ ತಿಹಾರ್‌ನಲ್ಲಿ ಗಲ್ಲಿಗೇರಿಸಲಾಯಿತು. ಹತ್ಯೆಯಿಂದ ಗಲ್ಲಿಗೆ ಹಿಡಿದದ್ದು ನಾಲ್ಕು ವರ್ಷ ಎರಡು ತಿಂಗಳು ಚಿಲ್ಲರೆ.

ಹತ್ಯಾಕಾಂಡದ ಮೊಕದ್ದಮೆಗಳು ಬೇರೆ ದಾರಿ ಹಿಡಿದವು. ಪಾಲಂ ಕಾಲೊನಿಯ ರಾಜನಗರದಲ್ಲಿ ನವೆಂಬರ್ 1 ಮತ್ತು 2ರಂದು ಐವರು ಸಿಖ್ಖರನ್ನು ಕೊಂದು ಗುರುದ್ವಾರಕ್ಕೆ ಬೆಂಕಿ ಇಡಲಾಯಿತು. ಗಂಡ ಮತ್ತು ಮಗ ಇಬ್ಬರನ್ನೂ ಕಳೆದುಕೊಂಡ ಒಬ್ಬ ಮಹಿಳೆ ಶವಗಳನ್ನು ಸಾಗಿಸಲು ಯಾರ ನೆರವೂ ಸಿಗದೆ, ಮನೆಯ ಮುರಿದ ಮರದ ಸಾಮಾನುಗಳನ್ನೇ ಸೌದೆ ಮಾಡಿ ಅಲ್ಲಿಯೇ ದಹನ ಮಾಡಿದರು. ಪೊಲೀಸ್ ಠಾಣೆಯ ದಿನಚರಿ ಪುಸ್ತಕದಲ್ಲಿ ಆ ದಿನಗಳ ಕೊಲೆಗಳ ಉಲ್ಲೇಖವೇ ಇರಲಿಲ್ಲವೆಂಬುದು ಮುಂದೆ ಹೈಕೋರ್ಟಿನ ಗಮನಕ್ಕೆ ಬಂತು. 1984ರ ಹಿಂಸೆಯ ವಿಚಾರಣೆ ನಡೆಸಿದ ನಾನಾವತಿ ಆಯೋಗದ ವರದಿ ಸಂಸತ್ತಿನಲ್ಲಿ ಮಂಡನೆಯಾದ ಬಳಿಕ, 2005ರಲ್ಲಿ, ಸಿಬಿಐ ಪ್ರಕರಣ ದಾಖಲಿಸಿತು. 2013ರ ಏಪ್ರಿಲ್ 30ರಂದು ಕಡಕಡಡೂಮಾ ನ್ಯಾಯಾಲಯ ಐವರನ್ನು ದೋಷಿಗಳೆಂದು ಸಾರಿ, ಕಾಂಗ್ರೆಸ್ಸಿನ ಮಾಜಿ ಸಂಸದ ಸಜ್ಜನ್ ಕುಮಾರ್ ಅವರನ್ನು ಬಿಡುಗಡೆ ಮಾಡಿತು. 2018ರ ಡಿಸೆಂಬರ್ 17ರಂದು ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಎಸ್. ಮುರಳೀಧರ್ ಮತ್ತು ವಿನೋದ್ ಗೋಯಲ್ ಆ ಬಿಡುಗಡೆಯನ್ನು ರದ್ದುಪಡಿಸಿ, ಉಸಿರಿರುವವರೆಗೂ ಜೈಲು ಎಂಬ ಶಿಕ್ಷೆ ವಿಧಿಸಿದರು. ಈ ಸಾಮೂಹಿಕ ಹತ್ಯೆಗಳು ಮಾನವತೆಯ ವಿರುದ್ಧದ ಅಪರಾಧಗಳ ಸ್ವರೂಪದವೆಂದೂ ರಾಜಕೀಯ ಆಶ್ರಯದಲ್ಲಿ ಪೊಲೀಸರ ನೆರವಿನಿಂದ ನಡೆದವೆಂದೂ, ಇಂಥ ಅಪರಾಧಕ್ಕೆ ಭಾರತದ ಕಾನೂನಿನಲ್ಲಿ ಹೆಸರೇ ಇಲ್ಲವೆಂದೂ ಪೀಠ ಬರೆಯಿತು. ಮೂವತ್ತನಾಲ್ಕು ವರ್ಷಗಳ ಮೇಲೆ ಬಂದ ತೀರ್ಪು ಅದು.

1984ರ ಪ್ರಕರಣಗಳಲ್ಲಿ ಗಲ್ಲು ಶಿಕ್ಷೆ ಬರಲೇ ಇಲ್ಲವೆಂದಲ್ಲ. ತ್ರಿಲೋಕಪುರಿಯ ಕಟುಕ ಕಿಶೋರಿ ಲಾಲ್‌ಗೆ ವಿಚಾರಣಾ ನ್ಯಾಯಾಲಯ ಗಲ್ಲು ವಿಧಿಸಿತ್ತು. ಗುಂಪಿನ ಭಾಗವಾಗಿ ಮಾಡಿದ ಕೃತ್ಯಗಳೆಂದು ಸುಪ್ರೀಂ ಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು. ದ್ವಾರಕಾಕ್ಕೆ ಹತ್ತಿರದ ಮಹಿಪಾಲಪುರದಲ್ಲಿ ಇಬ್ಬರು ಯುವಕರ ಕೊಲೆಯಾದ ಪ್ರಕರಣವನ್ನು ಪೊಲೀಸರು 1994ರಲ್ಲಿ ಸಾಕ್ಷ್ಯವಿಲ್ಲವೆಂದು ಮುಚ್ಚಿದ್ದರು. 2015ರಲ್ಲಿ ರಚನೆಯಾದ ವಿಶೇಷ ತನಿಖಾ ತಂಡ ಅದನ್ನು ಮತ್ತೆ ತೆರೆಯಿತು. 2018ರ ನವೆಂಬರ್ 20ರಂದು ಯಶಪಾಲ್ ಸಿಂಗ್‌ಗೆ ಗಲ್ಲು, ನರೇಶ್ ಸೆಹ್ರಾವತ್‌ಗೆ ಜೀವಾವಧಿ ಶಿಕ್ಷೆಯಾಯಿತು. ಪಟಿಯಾಲಾ ಹೌಸ್ ನ್ಯಾಯಾಲಯದ ಆವರಣದಲ್ಲಿ ಆರೋಪಿಯ ಮೇಲೆ ಹಲ್ಲೆ ಯತ್ನ ನಡೆದಿದ್ದರಿಂದ ಶಿಕ್ಷೆಯನ್ನು ತಿಹಾರ್ ಜೈಲಿನೊಳಗೆ ಓದಲಾಯಿತು. 2025ರ ಫೆಬ್ರವರಿಯಲ್ಲಿ ಸರಸ್ವತಿ ವಿಹಾರದ ತಂದೆ–ಮಗನ ಕೊಲೆ ಪ್ರಕರಣದಲ್ಲಿ ಸಜ್ಜನ್ ಕುಮಾರ್ ಮತ್ತೆ ದೋಷಿಯಾದಾಗ ಸರ್ಕಾರಿ ವಕೀಲರು ಗಲ್ಲನ್ನೇ ಕೇಳಿದರು. ವಯಸ್ಸು ಮತ್ತು ಅನಾರೋಗ್ಯವನ್ನು ಗಮನಿಸಿ ನ್ಯಾಯಾಲಯ ಜೀವಾವಧಿ ಕೊಟ್ಟಿತು. ಸಿಖ್ ಸಂಘಟನೆಗಳು ನಿರಾಶೆ ತೋಡಿಕೊಂಡವು.

ಇಲ್ಲಿ ಒಂದು ಅಸಮತೋಲ ಎದ್ದುಕಾಣುತ್ತದೆ. ಒಬ್ಬ ನಾಯಕನನ್ನು ಕೊಂದ ಕೆಲವರ ಹಿಂಸೆಯನ್ನು ದೇಶದ ಮೇಲಿನ ದಾಳಿಯೆಂದು ಓದುವ ವ್ಯವಸ್ಥೆ, ಸಾವಿರಾರು ಪ್ರಜೆಗಳನ್ನು ಕೊಂದ ಗುಂಪಿನ ಹಿಂಸೆಯನ್ನು ಆವೇಶವೆಂದು ಓದಿತು. ಗುಂಪಿನಲ್ಲಿ ಹೊಣೆ ಹಂಚಿಹೋಗುತ್ತದೆ, ಸಾಕ್ಷ್ಯ ಕರಗುತ್ತದೆ, ವಿಳಂಬವೇ ಶಿಕ್ಷೆ ತಗ್ಗಲು ಕಾರಣವಾಗುತ್ತದೆ. ಇದಕ್ಕೆ ಪರಿಹಾರ ಹೆಚ್ಚು ಗಲ್ಲು ಎಂದು ಕೆಲವರು, ಗಲ್ಲೇ ಇಲ್ಲದ ಸಮಾನ ಶಿಕ್ಷೆ ಎಂದು ಇನ್ನು ಕೆಲವರು ಹೇಳುತ್ತಾರೆ. 1984ರಲ್ಲಿ ಗಂಡಂದಿರನ್ನು ಕಳೆದುಕೊಂಡವರು ನೆಲೆಸಿದ ತಿಲಕ್ ವಿಹಾರದ ವಿಧವಾ ಕಾಲೊನಿಯವರು ದಶಕಗಳಿಂದ ಕೇಳಿದ್ದು ಮುಖ್ಯವಾಗಿ ವಿಚಾರಣೆಯನ್ನು.

ತಿಹಾರ್ ಮತ್ತು ಗುಟ್ಟಿನ ಗಲ್ಲು

ಕೊಲೆ ಪ್ರಕರಣದಲ್ಲಿ ಶಿಕ್ಷೆಯಾಗಿದ್ದ ಕಾಶ್ಮೀರದ ಪ್ರತ್ಯೇಕತಾವಾದಿ ಮಕ್ಬೂಲ್ ಭಟ್‌ನನ್ನು ತಿಹಾರ್‌ನಲ್ಲಿ 1984ರ ಫೆಬ್ರವರಿ 11ರಂದು ಗಲ್ಲಿಗೇರಿಸಲಾಯಿತು. ಆ ತಿಂಗಳ ಆರಂಭದಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಭಾರತೀಯ ರಾಜತಾಂತ್ರಿಕ ರವೀಂದ್ರ ಮ್ಹಾತ್ರೆ ಅವರನ್ನು ಭಟ್‌ನ ಬಿಡುಗಡೆಗಾಗಿ ಅಪಹರಿಸಿ ಕೊಂದಿದ್ದರು. ಶಿಕ್ಷೆ ಹಳೆಯ ಕೊಲೆಗೋ ಹೊಸ ಕೊಲೆಗೋ ಎಂಬ ಪ್ರಶ್ನೆ ಆಗಲೇ ಎದ್ದಿತು. ಭಟ್‌ಗೆ ಮೊದಲು ಶಿಕ್ಷೆ ವಿಧಿಸಿದ್ದ ನ್ಯಾಯಾಧೀಶ ನೀಲಕಂಠ ಗಂಜೂ ಅವರನ್ನು 1989ರಲ್ಲಿ ಶ್ರೀನಗರದಲ್ಲಿ ಗುಂಡಿಟ್ಟು ಕೊಲ್ಲಲಾಯಿತು.

2001ರ ಡಿಸೆಂಬರ್ 13ರ ಸಂಸತ್ ದಾಳಿಯ ಪ್ರಕರಣದಲ್ಲಿ ಅಫ್ಜಲ್ ಗುರು ಸ್ವತಃ ಗುಂಡು ಹಾರಿಸಿದವನಲ್ಲ, ಪಿತೂರಿಯಲ್ಲಿ ಭಾಗಿ ಎಂಬುದು ಆರೋಪ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಸುಪ್ರೀಂ ಕೋರ್ಟ್ ಬದಿಗಿಟ್ಟಿತು. ಉಳಿದ ಸಾಂದರ್ಭಿಕ ಸಾಕ್ಷ್ಯದ ಮೇಲೆ, ಸಮಾಜದ ಸಾಮೂಹಿಕ ಆತ್ಮಸಾಕ್ಷಿಗೆ ಸಮಾಧಾನವಾಗುವುದು ಗಲ್ಲಿನಿಂದಲೇ ಎಂದು 2005ರ ಆಗಸ್ಟ್‌ನಲ್ಲಿ ತೀರ್ಪಿತ್ತಿತು. ಶಿಕ್ಷೆ ತಡವಾಗುತ್ತಿರುವುದು ಮತಬ್ಯಾಂಕಿನ ಲೆಕ್ಕದಿಂದ ಎಂದು ಬಿಜೆಪಿ ವರ್ಷಗಟ್ಟಲೆ ಟೀಕಿಸಿತು. ಹುತಾತ್ಮ ಭದ್ರತಾ ಸಿಬ್ಬಂದಿಯ ಕುಟುಂಬಗಳು ಪ್ರತಿಭಟನೆಯಾಗಿ ಪದಕಗಳನ್ನು ಹಿಂದಿರುಗಿಸಿದ್ದವು. 2013ರ ಫೆಬ್ರವರಿ 9ರ ಬೆಳಿಗ್ಗೆ ತಿಹಾರ್‌ನಲ್ಲಿ ಸದ್ದಿಲ್ಲದೆ ಗಲ್ಲಾಯಿತು. ಕ್ಷಮಾದಾನ ತಿರಸ್ಕೃತವಾಗಿದೆ, ಗಲ್ಲಿನ ದಿನ ನಿಗದಿಯಾಗಿದೆ ಎಂದು ಮನೆಯವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದ್ದ ಪತ್ರ ಕಾಶ್ಮೀರ ತಲುಪಿದ್ದು ಎರಡು ದಿನ ಕಳೆದ ಮೇಲೆ. ಶವವನ್ನು ಕೊಡಲಿಲ್ಲ; ಜೈಲಿನೊಳಗೇ ಹೂಳಲಾಯಿತು. ಗಲ್ಲನ್ನು ಬೆಂಬಲಿಸಿದ್ದ ಪತ್ರಿಕೆಗಳಲ್ಲೂ ಈ ಗುಟ್ಟನ್ನು ಆಕ್ಷೇಪಿಸಿದ ಬರಹಗಳು ಬಂದವು.

ಪಾಲಾರ್ ಪ್ರಕರಣ ಮತ್ತು ವಿಳಂಬದ ಪ್ರಶ್ನೆ

ಕರ್ನಾಟಕದಲ್ಲಿ ಈ ಚರ್ಚೆ ಕಾವು ಪಡೆದದ್ದು ವೀರಪ್ಪನ್ ಪ್ರಕರಣಗಳಿಂದ. 1993ರ ಏಪ್ರಿಲ್ 9ರಂದು ಮಲೆಮಹದೇಶ್ವರ ಬೆಟ್ಟದ ಕಡೆಯ ಪಾಲಾರ್ ಬಳಿ ನೆಲಬಾಂಬ್ ಸಿಡಿದು ಪೊಲೀಸರು, ಅರಣ್ಯ ಸಿಬ್ಬಂದಿ, ಬಾತ್ಮೀದಾರರು ಸೇರಿ 22 ಜನ ಸತ್ತರು. ವೀರಪ್ಪನ್ ದಂತಚೋರನೇ ಹೊರತು ರಾಜಕೀಯ ಉಗ್ರವಾದಿಯಲ್ಲ ಎಂಬ ವಾದವಿತ್ತು. ಮೊಕದ್ದಮೆ ಮಾತ್ರ ಟಾಡಾ ಅಡಿಯಲ್ಲಿ ನಡೆಯಿತು. 2000ದ ಜುಲೈ 30ರಂದು ಡಾ. ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ಅಪಹರಿಸಿದ ವೀರಪ್ಪನ್, ತಮಿಳು ಸಂಘಟನೆಗಳ ರಾಜಕೀಯ ಬೇಡಿಕೆಗಳ ಜೊತೆಗೆ ಟಾಡಾ ಕೈದಿಗಳ ಬಿಡುಗಡೆಯನ್ನೂ ಕೇಳಿದ. ರಾಜ್ಯವೇ ಆತಂಕದಲ್ಲಿದ್ದ ಆ ದಿನಗಳಲ್ಲಿ ಸರ್ಕಾರ ಮೊಕದ್ದಮೆ ಹಿಂತೆಗೆದುಕೊಳ್ಳಲು ಮುಂದಾಯಿತು. 1992ರಲ್ಲಿ ವೀರಪ್ಪನ್ ತಂಡದ ಹೊಂಚುದಾಳಿಗೆ ಬಲಿಯಾದ ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರ ತಂದೆ, ನಿವೃತ್ತ ಪೊಲೀಸ್ ಅಧಿಕಾರಿ ಅಬ್ದುಲ್ ಕರೀಂ ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ನವೆಂಬರ್ 7ರಂದು ನ್ಯಾಯಾಲಯ ಅವರ ಪರ ತೀರ್ಪಿತ್ತಿತು. ಜನಪ್ರಿಯ ನಟನ ಜೀವ ಒತ್ತೆಯಿರುವಾಗ ಒಬ್ಬ ತಂದೆ ಹೀಗೆ ನಿಂತದ್ದು ಆಗ ಎಲ್ಲರಿಗೂ ರುಚಿಸಿರಲಿಲ್ಲ.

ಮೈಸೂರಿನ ಟಾಡಾ ನ್ಯಾಯಾಲಯ 2001ರಲ್ಲಿ ಸೈಮನ್, ಜ್ಞಾನಪ್ರಕಾಶಂ, ಮೀಸೆಕಾರ ಮಾದಯ್ಯ ಮತ್ತು ಬಿಲವೇಂದ್ರನ್ ಅವರಿಗೆ ಜೀವಾವಧಿ ಕೊಟ್ಟಿತು. ಮೇಲ್ಮನವಿಗೆ ಹೋದದ್ದೇ ಮುಳುವಾಯಿತು: 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಾನಾಗಿ ಶಿಕ್ಷೆಯನ್ನು ಗಲ್ಲಿಗೆ ಏರಿಸಿತು. ಒಂಬತ್ತು ವರ್ಷ ಕಳೆದು, ಅಫ್ಜಲ್ ಗುರುವಿನ ಗಲ್ಲಿನ ಬೆನ್ನಲ್ಲೇ, 2013ರ ಫೆಬ್ರವರಿಯಲ್ಲಿ ಅವರ ಕ್ಷಮಾದಾನದ ಅರ್ಜಿ ತಿರಸ್ಕೃತವಾಯಿತು. ಬೆಳಗಾವಿಯ ಹಿಂಡಲಗಾ ಜೈಲಿನತ್ತ ಎಲ್ಲರ ಕಣ್ಣು ನೆಟ್ಟಿರುವಾಗ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಆ ನಡುವೆ ಎರಡು ತೀರ್ಪುಗಳು ಎದುರುಬದುರಾದವು. 1993ರಲ್ಲಿ ದೆಹಲಿಯ ರೈಸಿನಾ ರಸ್ತೆಯಲ್ಲಿ ಯುವ ಕಾಂಗ್ರೆಸ್ ನಾಯಕ ಎಂ.ಎಸ್. ಬಿಟ್ಟಾ ಅವರ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ಒಂಬತ್ತು ಜನ ಸತ್ತಿದ್ದರು. ಅದರಲ್ಲಿ ಶಿಕ್ಷೆಗೊಳಗಾದ ದೇವಿಂದರ್ ಪಾಲ್ ಸಿಂಗ್ ಭುಲ್ಲರ್‌ನನ್ನು ಜರ್ಮನಿ ಭಾರತಕ್ಕೆ ಕಳಿಸಿತ್ತು. ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳಲ್ಲಿ ಎಂ.ಬಿ. ಶಾ ಅವನನ್ನು ಬಿಡಬೇಕೆಂದಿದ್ದರು. ಕ್ಷಮಾದಾನದ ಅರ್ಜಿ ಎಷ್ಟೇ ವರ್ಷ ಕೊಳೆತರೂ ಭಯೋತ್ಪಾದನೆಯ ಅಪರಾಧಿಗೆ ವಿಳಂಬದ ಲಾಭವಿಲ್ಲವೆಂದು 2013ರ ಏಪ್ರಿಲ್‌ನಲ್ಲಿ ದ್ವಿಸದಸ್ಯ ಪೀಠ ಹೇಳಿತು. 2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ ಅವರ ತ್ರಿಸದಸ್ಯ ಪೀಠ ಈ ಭೇದವನ್ನು ತಳ್ಳಿಹಾಕಿತು. ಪಾಲಾರ್‌ನ ನಾಲ್ವರು ಸೇರಿ 15 ಜನರ ಗಲ್ಲು ಜೀವಾವಧಿಗೆ ಇಳಿಯಿತು. ಅರ್ಜಿ ತಿರಸ್ಕಾರವಾದ ಸುದ್ದಿ ತಿಳಿಸಿ ಕನಿಷ್ಠ 14 ದಿನ ಕಾಯಬೇಕು, ಮನೆಯವರಿಗೆ ಕೊನೆಯ ಭೇಟಿಗೆ ಅವಕಾಶ ಕೊಡಬೇಕು ಎಂಬ ನಿಯಮಗಳೂ ಬಂದವು. ಮುಂದಿನ ತಿಂಗಳು ರಾಜೀವ್ ಗಾಂಧಿ ಹಂತಕರಲ್ಲಿ ಮೂವರ ಗಲ್ಲು, ಮಾರ್ಚ್ 31ರಂದು ಭುಲ್ಲರ್‌ನ ಗಲ್ಲು ಇದೇ ಆಧಾರದ ಮೇಲೆ ರದ್ದಾದವು. ರಾಜೀವ್ ಹಂತಕರ ಪರ ತಮಿಳುನಾಡು ವಿಧಾನಸಭೆಯೇ ನಿರ್ಣಯ ಮಾಡಿತ್ತು. ಅಫ್ಜಲ್ ಗುರುವಿಗೆ ಬೆನ್ನಿಗೆ ನಿಲ್ಲಬಲ್ಲ ಅಂಥ ದೊಡ್ಡ ಪಕ್ಷಗಳಿರಲಿಲ್ಲ ಎಂಬುದನ್ನು ಕಾಶ್ಮೀರದ ನಾಯಕರು ಎತ್ತಿ ಆಡಿದರು.

ಇದಕ್ಕೆ ತಿರುವುಮುರುವಾದದ್ದು ಬಲ್ವಂತ್ ಸಿಂಗ್ ರಾಜೋಆನಾ ಪ್ರಕರಣ. 1995ರಲ್ಲಿ ಪಂಜಾಬಿನ ಮುಖ್ಯಮಂತ್ರಿ ಬೇಅಂತ್ ಸಿಂಗ್ ಅವರ ಹತ್ಯೆಗೆ 2007ರಲ್ಲಿ ಗಲ್ಲು ಶಿಕ್ಷೆ ಪಡೆದ ಆತ ಮೇಲ್ಮನವಿ ಹಾಕಲೂ ಒಪ್ಪಲಿಲ್ಲ. 2012ರಲ್ಲಿ ಕ್ಷಮಾದಾನ ಕೇಳಿದ್ದು ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ. ಅರ್ಜಿ ಹತ್ತು ವರ್ಷ ಮೀರಿದರೂ ತೀರ್ಮಾನವಾಗದೆ ಉಳಿಯಿತು.

ದ್ವಾರಕಾದ ಅಧ್ಯಯನ ಮತ್ತು ಕಾನೂನು ಆಯೋಗ

ವಾದಗಳಿದ್ದಷ್ಟು ಮಾಹಿತಿ ಇರಲಿಲ್ಲ. ದೇಶದಲ್ಲಿ ಗಲ್ಲು ಶಿಕ್ಷೆಗೆ ಗುರಿಯಾದ ಕೈದಿಗಳು ಯಾರು, ಅವರ ವಕೀಲರು ಯಾರು, ಪೊಲೀಸ್ ವಶದಲ್ಲಿ ಅವರಿಗೆ ಏನಾಯಿತು ಎಂಬುದನ್ನು ಯಾರೂ ಕಲೆಹಾಕಿರಲಿಲ್ಲ. ದ್ವಾರಕಾದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಅಧ್ಯಾಪಕ ಅನೂಪ್ ಸುರೇಂದ್ರನಾಥ್ ಅವರ ನೇತೃತ್ವದಲ್ಲಿ ವಿದ್ಯಾರ್ಥಿಗಳು 2013ರಿಂದ ಜೈಲು ಜೈಲು ತಿರುಗಿ 385 ಕೈದಿಗಳ ಪೈಕಿ 373 ಜನರನ್ನು ಮಾತನಾಡಿಸಿದರು. 2016ರ ಮೇ ತಿಂಗಳಲ್ಲಿ ಬಂದ ವರದಿಯ ಪ್ರಕಾರ ಮುಕ್ಕಾಲು ಪಾಲು ಕೈದಿಗಳು ಆರ್ಥಿಕವಾಗಿ ದುರ್ಬಲರು. ಭಯೋತ್ಪಾದನೆಯ ಅಪರಾಧಕ್ಕೆ ಗಲ್ಲು ಪಡೆದವರಲ್ಲಿ ಶೇ. 93.5ರಷ್ಟು ಮಂದಿ ದಲಿತರು ಅಥವಾ ಧಾರ್ಮಿಕ ಅಲ್ಪಸಂಖ್ಯಾತರು. ಕೆಳ ನ್ಯಾಯಾಲಯಗಳು ವಿಧಿಸಿದ ಗಲ್ಲುಗಳಲ್ಲಿ ಕೊನೆಯವರೆಗೆ ಉಳಿದದ್ದು ನೂರಕ್ಕೆ ಐದಕ್ಕಿಂತ ಕಡಿಮೆ. ವರದಿಯನ್ನು ಟೀಕಿಸಿದವರು, ಕೈದಿಯ ಮಾತನ್ನೇ ಆಧರಿಸಿದ ಚಿತ್ರಣ ಏಕಮುಖಿ, ಬಲಿಯಾದವರ ಮನೆಯವರ ಮಾತು ಎಲ್ಲಿ ಎಂದರು. ಕಾನೂನು ನೆರವಿನ 39ಎ ವಿಧಿಯ ಹೆಸರಿಟ್ಟುಕೊಂಡ ‘ಪ್ರಾಜೆಕ್ಟ್ 39ಎ’ ಮುಂದೆ ಪ್ರತಿವರ್ಷ ಅಂಕಿಅಂಶ ಪ್ರಕಟಿಸತೊಡಗಿತು. 2022ರಲ್ಲಿ ವಿಚಾರಣಾ ನ್ಯಾಯಾಲಯಗಳು 165 ಜನರಿಗೆ ಗಲ್ಲು ವಿಧಿಸಿದವು. ಅಹಮದಾಬಾದ್ ಸ್ಫೋಟಗಳ ಪ್ರಕರಣವೊಂದರಲ್ಲೇ 38.

ಇದೇ ತಂಡ 2015ರ ಯಾಕೂಬ್ ಮೆಮನ್ ಪ್ರಕರಣದಲ್ಲೂ ಕಾಣಿಸಿಕೊಂಡಿತು. 1993ರ ಮುಂಬೈ ಸ್ಫೋಟಗಳಿಗಾಗಿ ಗಲ್ಲು ಪಡೆದ ಮೆಮನ್ ತನಿಖೆಗೆ ಸಹಕರಿಸಿದ್ದನೆಂದು ನಿವೃತ್ತ ಗುಪ್ತಚರ ಅಧಿಕಾರಿ ಬಿ. ರಾಮನ್ ಬರೆದಿಟ್ಟಿದ್ದ ಲೇಖನ ಅವರ ಮರಣಾನಂತರ ಪ್ರಕಟವಾಗಿ ಕೋಲಾಹಲವೆಬ್ಬಿಸಿತು. ಜುಲೈ 28ರಂದು ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಒಡೆಯಿತು. 30ರ ನಸುಕಿನ ಮೂರು ಗಂಟೆ ದಾಟಿದ ಮೇಲೆ ಸುಪ್ರೀಂ ಕೋರ್ಟಿನ ನಾಲ್ಕನೇ ನ್ಯಾಯಾಲಯ ತೆರೆಯಿತು. ಐದರ ಹೊತ್ತಿಗೆ ಅರ್ಜಿ ವಜಾ. ಏಳಕ್ಕೆ ಮುನ್ನ ನಾಗಪುರದಲ್ಲಿ ಗಲ್ಲು. ಅಪರಾಧಿಗೆ ಕೊನೆಯ ಘಳಿಗೆಯವರೆಗೂ ನ್ಯಾಯದ ಬಾಗಿಲು ತೆರೆದಿತ್ತು ಎಂದು ಕೆಲವರು ಹೆಮ್ಮೆಪಟ್ಟರು. ಆಗ ಸುಪ್ರೀಂ ಕೋರ್ಟಿನ ಸಂಶೋಧನಾ ವಿಭಾಗದಲ್ಲಿ ಹುದ್ದೆಯಲ್ಲಿದ್ದ ಸುರೇಂದ್ರನಾಥ್, ಅದರ ಬೆನ್ನಲ್ಲೇ ರಾಜೀನಾಮೆ ಕೊಟ್ಟು ವಿಶ್ವವಿದ್ಯಾಲಯಕ್ಕೆ ಮರಳಿದರು.

ಒಂದೇ ತಿಂಗಳಲ್ಲಿ, 2015ರ ಆಗಸ್ಟ್ 31ರಂದು, ನ್ಯಾಯಮೂರ್ತಿ ಎ.ಪಿ. ಶಾ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 262ನೇ ವರದಿಯಲ್ಲಿ ಮರಣದಂಡನೆ ರದ್ದುಮಾಡಬೇಕೆಂದು ಶಿಫಾರಸು ಮಾಡಿತು. ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಸಾರುವ ಅಪರಾಧಗಳಿಗೆ ಮಾತ್ರ ವಿನಾಯಿತಿ. ಶಿಕ್ಷಾಶಾಸ್ತ್ರದ ದೃಷ್ಟಿಯಿಂದ ಭಯೋತ್ಪಾದನೆಯನ್ನು ಬೇರೆಯಾಗಿ ಕಾಣಲು ಕಾರಣವಿಲ್ಲವೆಂದು ಅದೇ ವರದಿ ಒಪ್ಪಿಕೊಳ್ಳುತ್ತದೆ. ಸಾಯಲು ಸಿದ್ಧನಾಗಿ ಬಂದವನನ್ನು ಗಲ್ಲು ಹೆದರಿಸದು. ಆದರೂ ರಾಷ್ಟ್ರೀಯ ಭದ್ರತೆಯ ಆತಂಕಕ್ಕೆ ಮಣಿದು ವಿನಾಯಿತಿ ಉಳಿಸಿತು. ತರ್ಕ ಒಂದು ಕಡೆ, ಶಿಫಾರಸು ಇನ್ನೊಂದು ಕಡೆ ನಿಂತ ಈ ವರದಿ ಯಾರಿಗೂ ಪೂರ್ತಿ ಸಮ್ಮತವಾಗಲಿಲ್ಲ. ಮೂವರು ಸದಸ್ಯರು ಭಿನ್ನಮತ ಬರೆದರು. ಅವರಲ್ಲಿ ಇಬ್ಬರು ಸರ್ಕಾರದ ಕಾರ್ಯದರ್ಶಿಗಳು. ಗಡಿಯಾಚೆಯ ಹಿಂಸೆಯನ್ನು ಎದುರಿಸುವ ದೇಶ ಈ ಅಸ್ತ್ರ ಕೈಬಿಡಲಾಗದು ಎಂಬುದು ಸರ್ಕಾರಗಳ ಸ್ಥಿರ ನಿಲುವು. ಗಲ್ಲಿಗೆ ತಡೆ ಕೋರುವ ವಿಶ್ವಸಂಸ್ಥೆಯ ನಿರ್ಣಯಗಳಿಗೆ 2007ರಿಂದ ಭಾರತ ವಿರುದ್ಧ ಮತ ಹಾಕುತ್ತ ಬಂದಿದೆ.

ಬೀದಿಯ ಬೇಡಿಕೆ

ಮರಣದಂಡನೆಯ ಬಗ್ಗೆ ದೆಹಲಿಯ ಜನಾಭಿಪ್ರಾಯ ರೂಪುಗೊಂಡದ್ದು ರಾಜಕೀಯ ಹಿಂಸೆಯಿಂದಷ್ಟೇ ಅಲ್ಲ. 2012ರ ಡಿಸೆಂಬರ್ 16ರ ರಾತ್ರಿ ಮುನಿರ್ಕಾದಲ್ಲಿ ದ್ವಾರಕಾ ಕಡೆಗೆ ಹೋಗುವುದೆಂದು ನಂಬಿ ಬಸ್ ಹತ್ತಿದ ಯುವತಿಯ ಮೇಲೆ ನಡೆದ ಅತ್ಯಾಚಾರ ಮತ್ತು ಆಕೆಯ ಸಾವು ಗಲ್ಲಿನ ಕೂಗನ್ನು ಬೀದಿಗೆ ತಂದವು. ಜೆ.ಎಸ್. ವರ್ಮಾ ಸಮಿತಿ ಅತ್ಯಾಚಾರಕ್ಕೆ ಗಲ್ಲು ಬೇಡವೆಂದಿತು. ಸರ್ಕಾರ ಕೆಲವು ಸಂದರ್ಭಗಳಿಗೆ ಸೇರಿಸಿತು. 2020ರ ಮಾರ್ಚ್ 20ರ ಬೆಳಗಿನ ಜಾವ ತಿಹಾರ್‌ನಲ್ಲಿ ಆ ಪ್ರಕರಣದ ನಾಲ್ವರಿಗೆ ಗಲ್ಲಾದಾಗ ಹೊರಗೆ ಸೇರಿದ್ದವರು ಸಿಹಿ ಹಂಚಿದರು.

ಅದೇ 2012ರ ಫೆಬ್ರವರಿಯಲ್ಲಿ ದ್ವಾರಕಾ ಸಮೀಪದ ಛಾವ್ಲಾದಲ್ಲಿ ಹತ್ತೊಂಬತ್ತರ ಯುವತಿಯನ್ನು ಅಪಹರಿಸಿ ಕೊಲ್ಲಲಾಗಿತ್ತು. 2014ರಲ್ಲಿ ದ್ವಾರಕಾ ನ್ಯಾಯಾಲಯ ಮೂವರಿಗೆ ಗಲ್ಲು ವಿಧಿಸಿತು, ಹೈಕೋರ್ಟ್ ಖಾಯಂ ಮಾಡಿತು. 2022ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಮೂವರನ್ನೂ ಬಿಟ್ಟಿತು. ಮುಖ್ಯ ಸಾಕ್ಷಿಗಳಲ್ಲಿ ಹತ್ತು ಜನರ ಪಾಟಿಸವಾಲೇ ನಡೆದಿರಲಿಲ್ಲ, ಮಾದರಿಗಳನ್ನು ಜೋಪಾನ ಮಾಡಿದ ರೀತಿ ಸಂಶಯಾಸ್ಪದವಾಗಿತ್ತು. ಮಗಳನ್ನು ಕಳೆದುಕೊಂಡ ಮನೆಯವರ ಪಾಲಿಗೆ ಇದು ಎರಡನೇ ಪೆಟ್ಟು. ಗಲ್ಲಿನ ವಿರೋಧಿಗಳ ಪಾಲಿಗೆ ತಪ್ಪು ತೀರ್ಪು ತಿದ್ದಿಕೊಳ್ಳಲು ಬೇಕಾದ ಸಮಯದ ಉದಾಹರಣೆ. ಪುನರ್‌ಪರಿಶೀಲನಾ ಅರ್ಜಿಗಳು 2023ರ ಮಾರ್ಚ್‌ನಲ್ಲಿ ವಜಾ ಆದವು.

ಇತ್ತೀಚಿನ ಬದಲಾವಣೆ

2014ರ ಸೆಪ್ಟೆಂಬರ್‌ನಿಂದ ಗಲ್ಲಿನ ಪುನರ್‌ಪರಿಶೀಲನಾ ಅರ್ಜಿಗಳನ್ನು ಮೂವರು ನ್ಯಾಯಮೂರ್ತಿಗಳು ತೆರೆದ ನ್ಯಾಯಾಲಯದಲ್ಲೇ ಕೇಳಬೇಕು. 2000ದ ಕೆಂಪುಕೋಟೆ ದಾಳಿಯ ಮೊಹಮ್ಮದ್ ಆರಿಫ್ ಹಾಕಿದ ಅರ್ಜಿಯಿಂದ ಬಂದ ನಿಯಮ ಇದು. ಅದರಡಿಯಲ್ಲಿ ಮತ್ತೆ ಕೇಳಿದ ಆತನ ಅರ್ಜಿ 2022ರ ನವೆಂಬರ್‌ನಲ್ಲಿ ವಜಾ ಆಯಿತು. ಶಿಕ್ಷೆ ತಗ್ಗಿಸಬಲ್ಲ ಅಂಶಗಳನ್ನು ಮಂಡಿಸಲು ಅಪರಾಧಿಗೆ ಎಷ್ಟು ಅವಕಾಶ ಕೊಡಬೇಕೆಂಬ ಪ್ರಶ್ನೆಯನ್ನು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸಂವಿಧಾನ ಪೀಠಕ್ಕೆ ಒಪ್ಪಿಸಲಾಯಿತು.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ಭಯೋತ್ಪಾದನೆಯನ್ನು ಸಾಮಾನ್ಯ ದಂಡಸಂಹಿತೆಯೊಳಗೇ ತಂದು, ಸಾವು ಸಂಭವಿಸಿದರೆ ಗಲ್ಲು ಅಥವಾ ಜೀವಾವಧಿ ಎಂದಿದೆ. ಜಾತಿ, ಸಮುದಾಯ, ಭಾಷೆ ಮುಂತಾದ ಕಾರಣಕ್ಕೆ ಐವರು ಅಥವಾ ಹೆಚ್ಚು ಜನ ಗುಂಪುಗೂಡಿ ಮಾಡುವ ಕೊಲೆಗೂ ಪ್ರತ್ಯೇಕ ಉಪವಿಧಿಯಲ್ಲಿ ಇದೇ ಶಿಕ್ಷೆ ಇದೆ. ಇಂಥ ಗುಂಪುಹತ್ಯೆಗೆ ದೇಶದ ದಂಡಸಂಹಿತೆಯಲ್ಲಿ ಬೇರೆ ಗುರುತು ಸಿಕ್ಕಿದ್ದು ಇದೇ ಮೊದಲು. ಮಾನವತೆಯ ವಿರುದ್ಧದ ಅಪರಾಧ ಎಂಬ ವರ್ಗವನ್ನು ಸಂಹಿತೆ ಸೇರಿಸಿಲ್ಲ. ಜೊತೆಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 472ನೇ ವಿಧಿ ಕ್ಷಮಾದಾನದ ಅರ್ಜಿಗೆ 30 ದಿನದ ಗಡುವು ಹಾಕಿ, ರಾಷ್ಟ್ರಪತಿಯ ನಿರ್ಧಾರವನ್ನು ನ್ಯಾಯಾಲಯ ಪ್ರಶ್ನಿಸುವಂತಿಲ್ಲ ಎಂದಿದೆ. ಪಾಲಾರ್‌ನ ನಾಲ್ವರ ಜೀವ ಉಳಿಸಿದ ದಾರಿಗೂ ಈ ವಿಧಿಗೂ ಹೊಂದಾಣಿಕೆ ಹೇಗೆ ಎಂಬುದನ್ನು ನ್ಯಾಯಾಲಯಗಳೇ ಹೇಳಬೇಕಿದೆ.